ಪಾರ್ಲಿಮೆಂಟಿಗೆ ಪಾರ್ಲಿಮೆಂಟೇ ಗುರು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಯೂರೋಪಿನ ಸುದ್ದಿ ನಮಗೇಕೆ ಎಂದು ತಾವು ಕೇಳಬಹುದು. ಕಾನೂನು ಎಲ್ಲಿ ಹುಟ್ಟುತ್ತದೆ, ಅದನ್ನು ಓದಿ ನೋಡಿ ಒಪ್ಪುವವರು ಯಾರು ಎಂಬುದು ಎಲ್ಲಿಯೇ ಆಗಲಿ ದುಡಿದು ಉಣ್ಣುವವನ ಪ್ರಶ್ನೆ. ಅದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆ.

1951ರಲ್ಲಿ ಆರು ರಾಷ್ಟ್ರಗಳು ಕಲ್ಲಿದ್ದಲು, ಉಕ್ಕುಗಳ ಬಗ್ಗೆ ಮಾಡಿಕೊಂಡ ಒಪ್ಪಂದವೇ ಯೂರೋಪಿಯನ್ ಒಕ್ಕೂಟದ ಬೇರು. ಈಗ ಅದರಲ್ಲಿ 27 ರಾಷ್ಟ್ರಗಳಿವೆ. ಹೊಸದಾಗಿ ಸೇರಬಯಸುವ ದೇಶವು ಒಕ್ಕೂಟದ ಕಾನೂನನ್ನೆಲ್ಲ ತನ್ನದಾಗಿ ಮಾಡಿಕೊಳ್ಳಬೇಕು. ಅದು 35 ಅಧ್ಯಾಯಗಳ ದೊಡ್ಡ ಗಂಟು. ಆಹಾರದ ಶುದ್ಧತೆಯಿಂದ ಹಿಡಿದು ಕಾರ್ಖಾನೆಯ ಕೆಲಸಗಾರನ ಸುರಕ್ಷತೆಯವರೆಗೆ ಎಲ್ಲವೂ ಅದರಲ್ಲಿ ಉಂಟು. 2022ರಲ್ಲಿ ಉಮೇದುವಾರ ದೇಶಗಳೆಂದು ಮನ್ನಣೆ ಪಡೆದ ಉಕ್ರೇನ್ ಮತ್ತು ಮಾಲ್ಡೋವಾಗಳ ಮುಂದೆಯೂ ಇದೇ ಗಂಟಿದೆ.

ಅಪಾಯವಿರುವುದು ಇಲ್ಲಿಯೇ. ಅವಸರದಲ್ಲಿ ಮಸೂದೆಗಳ ರಾಶಿ ಬಂದು ಬಿದ್ದರೆ ಸದಸ್ಯರು ಓದದೆಯೇ ಕೈಯೆತ್ತುತ್ತಾರೆ. ಆಗ ಪಾರ್ಲಿಮೆಂಟು ಸರ್ಕಾರದ ಕಾಗದಕ್ಕೆ ಮುದ್ರೆ ಒತ್ತುವ ಕಚೇರಿಯಾಗುತ್ತದೆ.

ಇದಕ್ಕೆ ಮದ್ದೆಂದರೆ ಬಲ್ಲವರಿಂದ ಕಲಿಯುವುದು. 1998ರಲ್ಲಿ ಒಕ್ಕೂಟವು 'ಟ್ವಿನ್ನಿಂಗ್' ಎಂಬ ಜೋಡಿ ಯೋಜನೆಯನ್ನು ಆರಂಭಿಸಿತು. ಸದಸ್ಯ ರಾಷ್ಟ್ರದ ಅನುಭವಿ ಅಧಿಕಾರಿಯೊಬ್ಬರು ಉಮೇದುವಾರ ದೇಶಕ್ಕೆ ಹೋಗಿ, ಅಲ್ಲಿಯೇ ಮನೆ ಮಾಡಿ, ಅಲ್ಲಿನ ನೌಕರರ ಜೊತೆ ಕುಳಿತು ಕೆಲಸ ಮಾಡುತ್ತಾರೆ. ಸರ್ಕಾರಿ ಇಲಾಖೆಗಳಿಗೆ ದೊರೆತ ಈ ನೆರವು ಕೆಲವೆಡೆ ಪಾರ್ಲಿಮೆಂಟಿನ ಕಚೇರಿಗಳಿಗೂ ದೊರೆತಿದೆ. ಇದಕ್ಕೂ ಮುಂಚೆ, 1977ರಿಂದಲೇ, ಪಾರ್ಲಿಮೆಂಟುಗಳ ಸಂಶೋಧನಾ ವಿಭಾಗಗಳ ನಡುವೆ ಒಂದು ಪತ್ರವ್ಯವಹಾರದ ಏರ್ಪಾಡಿದೆ. 'ಈ ವಿಷಯದಲ್ಲಿ ನಿಮ್ಮಲ್ಲಿ ನಿಯಮವೇನು?' ಎಂದು ಒಬ್ಬರು ಕೇಳಿದರೆ ಉಳಿದವರು ಉತ್ತರ ಬರೆಯುತ್ತಾರೆ. ಗುಮಾಸ್ತನು ಗುಮಾಸ್ತನಿಗೆ ಮಾಡುವ ಉಪಕಾರವೆನ್ನಿ!

ಕಲಿಯತಕ್ಕ ಪಾಠವೇನೆಂಬುದಕ್ಕೆ ಡೆನ್ಮಾರ್ಕನ್ನು ನೋಡಿ. ಅದು ಒಕ್ಕೂಟ ಸೇರಿದ್ದು 1973ರಲ್ಲಿ. ಅಲ್ಲಿನ ಮಂತ್ರಿ ಬ್ರಸೆಲ್ಸಿಗೆ ಮಾತುಕತೆಗೆ ಹೊರಡುವ ಮೊದಲು ಪಾರ್ಲಿಮೆಂಟಿನ ಸಮಿತಿಯ ಮುಂದೆ ತನ್ನ ನಿಲುವನ್ನು ಹೇಳಬೇಕು. ಬಹುಮತ ವಿರುದ್ಧವಾಗಿದ್ದರೆ ಆ ನಿಲುವಿನೊಡನೆ ಹೋಗುವಂತಿಲ್ಲ. 2004ರಲ್ಲಿ ಸೇರಿದ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳು ಇದೇ ಬಗೆಯ ಸಮಿತಿಗಳನ್ನು ತಮಗೆ ಒಗ್ಗುವಂತೆ ಕಟ್ಟಿಕೊಂಡವು.

ಇದರಿಂದ ಬಡವನಿಗೇನು ಫಲ? ಒಂದು ನಿದರ್ಶನ ಹೇಳುತ್ತೇನೆ. 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದಂತೆ ಪ್ರತಿ ರಾಷ್ಟ್ರದ ಪಾರ್ಲಿಮೆಂಟಿಗೂ ಎರಡು ಮತಗಳು. ಒಕ್ಕೂಟದ ಮಸೂದೆ ತನ್ನ ಎಲ್ಲೆ ಮೀರಿದೆ ಎಂದು ಮೂರನೆಯ ಒಂದು ಪಾಲು ಮತಗಳು ಎಂಟು ವಾರದೊಳಗೆ ಬಂದರೆ ಆಯೋಗವು ಅದನ್ನು ಮತ್ತೆ ಪರಿಶೀಲಿಸಬೇಕು. ಇದಕ್ಕೆ 'ಹಳದಿ ಕಾರ್ಡು' ಎನ್ನುತ್ತಾರೆ. 2012ರಲ್ಲಿ ಮುಷ್ಕರದ ಹಕ್ಕನ್ನು ಕುರಿತ ಮಸೂದೆಯೊಂದು ಬಂತು. ಕೆಲಸಗಾರರ ಹಕ್ಕು ವ್ಯಾಪಾರದ ಸ್ವಾತಂತ್ರ್ಯಕ್ಕೆ ಅಡಿಯಾಳಾದೀತೆಂದು ಕಾರ್ಮಿಕ ಸಂಘಗಳು ಹೆದರಿದವು. ಡೆನ್ಮಾರ್ಕಿನವರು ಮುಂದಾಗಿ ಇತರ ಪಾರ್ಲಿಮೆಂಟುಗಳನ್ನು ಎಚ್ಚರಿಸಿದರು. ಬೇಕಾಗಿದ್ದುದು 18 ಮತ; ಬಂದದ್ದು 19! ಎಲ್ಲೆ ಮೀರಿದೆವೆಂದು ಆಯೋಗವೇನೂ ಒಪ್ಪಲಿಲ್ಲ. ಆದರೂ ಮಸೂದೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಹಳದಿ ಕಾರ್ಡಿನ ಮೊದಲ ಪ್ರಯೋಗವೇ ಅದು. ಪಾರ್ಲಿಮೆಂಟುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸದಿದ್ದರೆ ಎಂಟು ವಾರ ಸುಮ್ಮನೆ ಕಳೆದುಹೋಗುತ್ತಿತ್ತು.

ಎರವಲು ವಿದ್ಯೆಗೂ ಮಿತಿಯುಂಟು. ನಿಯಮದ ಪುಸ್ತಕವನ್ನು ಬೇರೆಯವರು ಕೊಡಬಹುದು. ಮಂತ್ರಿಯನ್ನು ಪ್ರಶ್ನಿಸುವ ಧೈರ್ಯವನ್ನು ಕೊಡಲಾರರು. ಅದು ಸದಸ್ಯನಲ್ಲಿರಬೇಕು, ಅವನನ್ನು ಆರಿಸಿದ ಜನರಲ್ಲಿಯೂ ಇರಬೇಕು.

ನಮ್ಮ ದೇಶವೂ ಈ ಕೊಡುಕೊಳ್ಳುವಿಕೆಗೆ ಹೊರತಲ್ಲ. ಲೋಕಸಭೆಯ ಸಚಿವಾಲಯದಲ್ಲಿ 1976ರಲ್ಲಿ ಆರಂಭವಾದ ತರಬೇತಿ ವಿಭಾಗದಲ್ಲಿ ಪರದೇಶಗಳ ಅಧಿಕಾರಿಗಳೂ ಬಂದು ಕಲಿತು ಹೋಗಿದ್ದಾರೆ. ಅವರು ಕಲಿಯಲು ಬರುವ ಸಭೆಯಲ್ಲಿ ನಮ್ಮ ಹೆಸರಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ನಾವೂ ತಿಳಿಯಬೇಡವೇ? ಈ ಮೇಜಿನ ಮೇಲಿರುವ ಪತ್ರಿಕೆಗಳಲ್ಲಿ ಸಿನಿಮಾ, ಕ್ರಿಕೆಟ್ಟುಗಳ ಪುಟದ ಜೊತೆಗೆ ಸದನದ ವರದಿಯನ್ನೂ ದಿನಕ್ಕೊಂದಿಷ್ಟು ಓದೋಣ.