ಲಿಂಬಿಗೆ ಸುಂಕ, ಗೇಮಿಗೆ ಇಲ್ಲ: ಯಾಕ?

ಜಿಐ ಮಾನ್ಯತೆ ಪಡೆದ ನಮ್ಮ ಇಂಡಿ ಲಿಂಬಿ 2025ರಲ್ಲಿ ಯುಎಇಗೂ ಹೋತು. ಯಾವ ದೇಶಕ್ಕ ಹೋದ್ರೂ ಅದು ಕಸ್ಟಮ್ಸ್ ದಾಟಬೇಕು: ಕಾಗದಪತ್ರ, ತಪಾಸಣೆ, ಇದ್ದಲ್ಲಿ ಸುಂಕ. ಆದ್ರ ಸಿಂದಗಿ ಬಸ್ ಸ್ಟ್ಯಾಂಡಿನಾಗ ಕುಂತು ನೀವು ರೊಕ್ಕ ಕೊಟ್ಟು ವಿದೇಶಿ ಗೇಮ್ ಇಳಿಸಿಕೊಂಡ್ರ? ಜಿಎಸ್‌ಟಿ ಐತಿ, ಕಸ್ಟಮ್ಸ್ ಸುಂಕ ಇಲ್ಲ.

ಯಾಕಂದ್ರ, 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ದೇಶಗಳು 'ಇಂಟರ್‌ನೆಟ್‌ನಲ್ಲಿ ಬರುವುದಕ್ಕೆ ಸದ್ಯ ಸುಂಕ ಬೇಡ' ಎಂದು ಒಪ್ಪಿಕೊಂಡವು. ಆ 'ಸದ್ಯ' ಸಭೆಯಿಂದ ಸಭೆಗೆ ಮುಂದಕ್ಕೆ ಹೋಯಿತು. 2024ರಲ್ಲಿ ಅಬುಧಾಬಿಯಲ್ಲೂ ಹಂಗ ಆತು.

ಭಾರತದ ತಕರಾರು ಇದು: ಹಿಂದೆ ಸಿನಿಮಾ, ಸಾಫ್ಟ್‌ವೇರ್ ಸಿಡಿಯಲ್ಲಿ ಬರುತ್ತಿದ್ದವು, ಬಂದರಿನಲ್ಲಿ ಸುಂಕ ಹಾಕಬಹುದಿತ್ತು. ಈಗ ಫೈಲಾಗಿ ಬರ್ತಾವ. ನಷ್ಟ ಯಾರಿಗೆ? ಹೆಚ್ಚಾಗಿ ಕೊಳ್ಳುವ ದೇಶಗಳಿಗೆ.

ಎದುರು ವಾದನೂ ಸುಳ್ಳಲ್ಲ. ನಾವು ಸುಂಕ ಹಾಕಿದ್ರ ಅವರೂ ಹಾಕ್ತಾರ. ಆಗ ಮುದ್ದೇಬಿಹಾಳದಿಂದ ಹೊರದೇಶಕ್ಕೆ ಡಿಸೈನ್ ಮಾಡಿ ಕಳಿಸೋ ಹುಡುಗಿಗೂ ಹೊಡೆತ ಬೀಳಬಹುದು.

ನನ್ನ ಮಾತು ಇಷ್ಟ: ಇವತ್ತ ಸುಂಕ ಹಾಕೋದು ಬ್ಯಾಡ ಇರಬಹುದು. ಆದ್ರ ನಾಳೆ ಹಾಕುವ ಹಕ್ಕನ್ನ ಕಾಯಂ ಬರೆದು ಕೊಡಬಾರದು. ಇಂಡಿ, ಬಸವನ ಬಾಗೇವಾಡಿ ಕಡೆಯವರು ನೀವೇನಂತೀರಿ? ವಾಯ್ಸ್ ಮೆಸೇಜ್ ಕಳಿಸ್ರಿ.