ಉಟ್ಟರೆ ದಂಡ: ಚಿಂಟ್ಜ್ ಬಟ್ಟೆಯ ಕಥೆ



ಹೋದ ತಿಂಗಳು ಆನ್‌ಲೈನಲ್ಲಿ ಒಂದು ಕಲಂಕಾರಿ ಕುರ್ತಾ ತಗೊಂಡೆ. 'ಕೈಕೆಲಸ' ಅಂತ ಬರೆದಿತ್ತು. ಮೂರು ಸಲ ಒಗೆದ ಮೇಲೆ ಹೂವೆಲ್ಲ ಮಾಯ! ಅಜ್ಜಿ ನಕ್ಕು, "ನಮ್ಮ ಕಾಲದ ಚೀಟಿ ಬಟ್ಟೆ ಹರಿದ್ರೂ ಬಣ್ಣ ಹೋಗ್ತಿರ್ಲಿಲ್ಲ ಕಣೋ" ಅಂದ್ರು. ಈ ಚೀಟಿಯನ್ನೇ ಇಂಗ್ಲಿಷಿನವರು ಚಿಂಟ್ಜ್ ಅನ್ನೋದು. ಹಿಂದಿಯ ಛೀಂಟ್, ಅಂದ್ರೆ ಚುಕ್ಕೆ, ಅದರಿಂದ ಬಂದ ಹೆಸರು.

ಬಣ್ಣ ನಿಲ್ಲೋದೇ ಇದರ ಗುಟ್ಟು. 17ನೇ ಶತಮಾನದ ಯುರೋಪಿಗೆ ಹತ್ತಿ ಬಟ್ಟೆ ಮೇಲೆ ಹೀಗೆ ಒಗೆದರೂ ಹೋಗದ ಚಿತ್ತಾರ ಬಿಡಿಸೋದು ಗೊತ್ತಿರಲಿಲ್ಲ. ಮಚಲಿಪಟ್ಟಣದಂಥ ಕೋರಮಂಡಲ ತೀರದ ಊರುಗಳಲ್ಲಿ ಗೊತ್ತಿತ್ತು. ಬಟ್ಟೆಯನ್ನ ಅಳಲೆಕಾಯಿ, ಎಮ್ಮೆ ಹಾಲಿನಲ್ಲಿ ನೆನೆಸ್ತಿದ್ರು. ಕಬ್ಬಿಣದ ದ್ರಾವಣದಲ್ಲಿ ಬರೆದ ಗೆರೆ ಕಪ್ಪಾಗೋದು. ಪಟಿಕ ಹಚ್ಚಿದ ಕಡೆ ಮಾತ್ರ ಬೇರಿನ ಕೆಂಪು ಕೂರೋದು. ನೀಲಿ ಬೇಡದ ಜಾಗಕ್ಕೆಲ್ಲ ಮೇಣ ಬಳಿದು ನೀಲಿ ತೊಟ್ಟಿಗೆ ಅದ್ದೋರು. ನಡುನಡುವೆ ಒಗೆತ, ಬಿಸಿಲು. ವಾರಗಟ್ಟಲೆ ಕೆಲಸ.

ಡಿಮ್ಯಾಂಡ್ ಹೇಗಿತ್ತು ಅಂದ್ರೆ, ಇಂಡೋನೇಷ್ಯಾದ ದ್ವೀಪಗಳಲ್ಲಿ ಡಚ್ಚರು ಭಾರತದ ಬಟ್ಟೆ ಕೊಟ್ಟು ಮಸಾಲೆ ಪದಾರ್ಥ ತಗೊಳ್ತಿದ್ರು. ಜಪಾನಿನಲ್ಲಿ ಇದಕ್ಕೆ 'ಸರಸ' ಅಂತ ಹೆಸರು. ಯುರೋಪಿನಲ್ಲಿ ಮೊದಲು ಪರದೆ, ಹೊದಿಕೆ, ಆಮೇಲೆ ಗೌನು.

ಅಲ್ಲಿನ ರೇಷ್ಮೆ, ಉಣ್ಣೆ ನೇಕಾರರಿಗೆ ಹೊಡೆತ ಬಿತ್ತು. 1686ರಲ್ಲಿ ಫ್ರಾನ್ಸ್ ನಿಷೇಧ ಹಾಕಿತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲೇ ಹೆಂಗಸರ ಮೈಮೇಲಿನ ಹತ್ತಿ ಬಟ್ಟೆ ಹರಿದರು. 1721ರ ಕಾನೂನು ಬಂದ ಮೇಲೆ ಇಂಗ್ಲೆಂಡಿನಲ್ಲಿ ಪ್ರಿಂಟ್ ಹತ್ತಿ ಬಟ್ಟೆ ಉಟ್ಟರೆ ದಂಡ!

ನಾನು ಬಿಕಾಂ. 'ಪ್ರೊಟೆಕ್ಷನಿಸಂ' ಬಗ್ಗೆ ಐದು ಮಾರ್ಕಿಗೆ ಉತ್ತರ ಬರೆದಿದ್ದೀನಿ. ಅದರ ಹಿಂದೆ ಹರಿದ ಬಟ್ಟೆ ಇದೆ, ಹಸಿದ ನೇಕಾರನೂ ಇದ್ದಾನೆ ಅಂತ ಯಾರೂ ಹೇಳಿರಲಿಲ್ಲ.

ನನಗೆ ಚುಚ್ಚೋದು ಮುಂದಿನ ಭಾಗ. 1742ರಲ್ಲಿ ಕೂರ್ಡು ಅನ್ನೋ ಫ್ರೆಂಚ್ ಪಾದ್ರಿ, ಕ್ರೈಸ್ತರಾಗಿದ್ದ ಬಣ್ಣಗಾರರಿಂದ ಕೇಳಿಕೊಂಡು ಇಡೀ ವಿಧಾನವನ್ನ ಪತ್ರದಲ್ಲಿ ಬರೆದು ಫ್ರಾನ್ಸಿಗೆ ಕಳಿಸಿದ. ಅದು ಅಚ್ಚಾಯ್ತು. 1759ರಲ್ಲಿ ಫ್ರಾನ್ಸ್, 1774ರಲ್ಲಿ ಇಂಗ್ಲೆಂಡ್ ನಿಷೇಧ ತೆಗೆದವು. ಅಷ್ಟರಲ್ಲಿ ಅವರೇ ಪ್ರಿಂಟ್ ಮಾಡೋಕೆ ಕಲಿತಿದ್ರು. ಆಮೇಲೆ ಮಷೀನ್ ಬಂತು. ಪಾದ್ರಿಯ ಹೆಸರು ಚರಿತ್ರೆಯಲ್ಲಿ ಉಳೀತು. ಹೇಳಿಕೊಟ್ಟವರದು ನಮಗೆ ಗೊತ್ತಿಲ್ಲ.

ನನ್ನ ಕುರ್ತಾನೂ ಅದೇ ಕಥೆ ತಾನೇ? ಡಿಸೈನ್ ಅವರದು, ದುಡ್ಡು ಇನ್ಯಾರಿಗೋ. ಮಚಲಿಪಟ್ಟಣದ ಪಕ್ಕದ ಪೆಡನದಲ್ಲಿ ಇವತ್ತೂ ಮರದ ಅಚ್ಚು ಒತ್ತುತ್ತಾರೆ, ಶ್ರೀಕಾಳಹಸ್ತಿಯಲ್ಲಿ ಕಲಮಿನಲ್ಲಿ ಬರೀತಾರೆ. ಮುಂದಿನ ಸಲ ಕಲಂಕಾರಿ ತಗೊಳ್ಳೋವಾಗ ಒಂದೇ ಪ್ರಶ್ನೆ ಕೇಳಿ: "ಇದು ಅಚ್ಚಾ, ಕಲಮಾ, ಮಷೀನಾ?" ಉತ್ತರ ತಡವರಿಸಿದ್ರೆ ಅರ್ಥ ಮಾಡ್ಕೊಳ್ಳಿ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ನಿಮ್ಮ ಅಜ್ಜಿಯ ಟ್ರಂಕು ಒಮ್ಮೆ ತೆಗೆದು ನೋಡಿ!