ಏರಿಲ್ಲದ ದಾರಿಗಳು

(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ಲು ತುಳಿಯುವ ವಿಷಯವನ್ನು ಈ ಸಭೆಯಲ್ಲಿ ಏಕೆ ಎತ್ತಿದರೆಂದು ಕೆಲವರಿಗೆ ಅನ್ನಿಸಿರಬಹುದು. ನಾವು ಆ ದೇಶವನ್ನು ಕಂಡವರಲ್ಲ. ಇದಕ್ಕೆಲ್ಲ ಕಾರಣರು ನಮ್ಮ ಹಿರಿಯ ಸದಸ್ಯರೊಬ್ಬರು. ೧೯೮೨ರ ಮುಷ್ಕರದವರೆಗೂ ಪರೇಲಿನ ಗಿರಣಿಗೆ ಸೈಕಲ್ಲಿನ ಮೇಲೆಯೇ ಹೋಗಿಬರುತ್ತಿದ್ದವರು. ಈಗ ಮೊಣಕಾಲು ಕೇಳುವುದಿಲ್ಲ. ಕೇಂಬ್ರಿಜಿನಲ್ಲಿರುವ ಮಗ ಬೇಸಗೆಗೆ ಬಂದಿರಿ ಎಂದು ಕರೆದಿದ್ದಾನೆ. ಅವರು ನಮ್ಮ ಮುಂದೆ ಕೂತು ಅಂದದ್ದು ಇಷ್ಟು: “ತಮ್ಮಾ, ಮಗ ಸೊಸಿ ಇಬ್ರೂ ಕೆಲಸಕ್ಕ ಹೋಗ್ತಾರ. ಅಲ್ಲಿ ಹೋಗಿ ನಾ ಏನ ಮಾಡ್ಲಿ? ಕಿಡಕಿ ಮುಂದ ಕುಂತು ಮಳಿ ಹನಿ ಎಣಸ್ಲೇನು? ಏರಿಲ್ಲದ, ಗದ್ದಲಿಲ್ಲದ ರಸ್ತಾ ಇದ್ರ ತೋರಸು. ಇಲ್ಲಾಂದ್ರ ನಾ ಹೋಗಂಗಿಲ್ಲ.”

ಹೀಗಾಗಿ ನಾವು ನಾಲ್ಕು ಭಾನುವಾರ ನಕ್ಷೆಗಳನ್ನು ಹರಡಿಕೊಂಡು ಕೂತೆವು. ಅದರ ಫಲವೇ ಈ ಮಾತು.

ಅವರ ಅದೃಷ್ಟ ದೊಡ್ಡದು. ಕೇಂಬ್ರಿಜಿನ ಉತ್ತರಕ್ಕೆ ಹರಡಿರುವುದು ಇಂಗ್ಲೆಂಡಿನಲ್ಲೇ ಅತಿ ಸಮತಟ್ಟಾದ ನೆಲ. ಅದಕ್ಕೆ ಫೆನ್ ಪ್ರದೇಶವೆಂದು ಹೆಸರು. ಹಿಂದೆ ಅದೆಲ್ಲ ಜೌಗು. ಹಾವುಮೀನು ಹಿಡಿದು, ಜೊಂಡು ಕೊಯ್ದು ಬದುಕುವವರ ನಾಡು. ಹದಿನೇಳನೆಯ ಶತಮಾನದಲ್ಲಿ ಬೆಡ್‌ಫರ್ಡಿನ ಜಮೀನುದಾರ ಪ್ರಭುವೂ ಅವನ ಜೊತೆಗಾರರೂ ಹಣ ಹಾಕಿ, ವರ್ಮೈಡನ್ ಎಂಬ ಡಚ್ ಇಂಜಿನಿಯರನನ್ನು ಕರೆಸಿ, ಇಪ್ಪತ್ತು ಮೈಲಿಗೂ ಉದ್ದದ ನೇರ ಕಾಲುವೆಗಳನ್ನು ತೋಡಿಸಿ ನೀರನ್ನು ಹೊರಹಾಕಿದರು. ಜೌಗನ್ನೇ ನಂಬಿದ್ದ ಬಡವರು ಒಡ್ಡುಗಳನ್ನು ಒಡೆದು ಪ್ರತಿಭಟಿಸಿದರು. ಅವರ ಮಾತು ನಡೆಯಲಿಲ್ಲ. ನೀರು ಹೋದ ಮೇಲೆ ಕರಿಮಣ್ಣಿನ ಫಲವತ್ತಾದ ಹೊಲಗಳಾದವು.

ಆದರೆ ಆ ಕರಿಮಣ್ಣು ಕೊಳೆತ ಸೊಪ್ಪು ಬೇರುಗಳಿಂದಾದದ್ದು. ಒಣಗಿದಷ್ಟೂ ಕುಗ್ಗುತ್ತದೆ, ಗಾಳಿ ತಾಗಿದಷ್ಟೂ ಕರಗುತ್ತದೆ. ಹೋಮ್ ಫೆನ್ ಎಂಬಲ್ಲಿ ೧೮೫೧ರ ಸುಮಾರಿಗೆ ಒಂದು ಕಬ್ಬಿಣದ ಕಂಬವನ್ನು, ಅದರ ತಲೆ ನೆಲಕ್ಕೆ ಸಮವಾಗಿ ನಿಲ್ಲುವಂತೆ ಹೂತರು. ಈಗ ಆ ಕಂಬ ಸುಮಾರು ೧೩ ಅಡಿ ಮೇಲೆ ನಿಂತಿದೆ. ಕಂಬ ಬೆಳೆದದ್ದಲ್ಲ, ನೆಲ ಇಳಿದದ್ದು! ಅಲ್ಲಿಯ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಇದನ್ನು ಹೇಳುವುದು ಬರಿಯ ಕೌತುಕಕ್ಕಲ್ಲ. ನೆಲ ಕುಸಿದಂತೆ ಅದರ ಮೇಲಿನ ರಸ್ತೆಯೂ ಅಲೆಅಲೆಯಾಗಿ ಏಳುತ್ತದೆ, ಬಿರಿಯುತ್ತದೆ. ನಕ್ಷೆಯಲ್ಲಿ ಒಂದೂ ಏರಿಲ್ಲದ ರಸ್ತೆಯ ಮೇಲೆ ಸೈಕಲ್ಲು ಎತ್ತಿನ ಬಂಡಿಯಂತೆ ಕುಲುಕಬಹುದು. ಮಗ್ಗುಲಲ್ಲೇ ಆಳವಾದ ನೀರಿನ ಕಾಲುವೆ ಬೇರೆ. ನಮ್ಮ ಹಿರಿಯರು ಅಂಚಿಗೆ ಹೋಗದಿರಲಿ.

ಇನ್ನೊಂದು ಮಾತು. ಚಿಕ್ಕ ರಸ್ತೆಯೆಲ್ಲ ಶಾಂತ ರಸ್ತೆಯೆಂದು ನಾವೂ ಮೊದಲು ತಿಳಿದಿದ್ದೆವು. ಅದು ತಪ್ಪು. ಆ ದೇಶದ ಹಳ್ಳಿ ರಸ್ತೆಗಳಲ್ಲಿ ಬೇರೆ ಫಲಕವಿಲ್ಲದಿದ್ದರೆ ಮೋಟಾರಿಗೆ ಗಂಟೆಗೆ ೬೦ ಮೈಲಿಯವರೆಗೆ ಓಡಲು ಕಾಯಿದೆಯ ಅನುಮತಿಯಿದೆ. ಫೆನ್ ರಸ್ತೆಗಳೋ ಹಗ್ಗ ಹಿಡಿದು ಎಳೆದಂತೆ ನೇರ. ಓಡಿಸುವವನಿಗೆ ತಡೆಯೇ ಇಲ್ಲ. ಆದ್ದರಿಂದ ನೋಡಬೇಕಾದದ್ದು ರಸ್ತೆಯ ಅಗಲವನ್ನಲ್ಲ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು. ಎರಡು ಪೇಟೆಗಳ ನಡುವೆ ಹತ್ತಿರದ ದಾರಿಯಾಗುವ ರಸ್ತೆಯನ್ನು ಬಿಡಬೇಕು. ಹೊಲದಲ್ಲಿ ಮುಗಿದು ಸೈಕಲ್ಲಿಗೆ ಮಾತ್ರ ಮುಂದೆ ಬಿಡುವ ದಾರಿಯಿದ್ದರೆ ಅದೇ ಉತ್ತಮ. ಸರಕಾರಿ ಸರ್ವೆ ನಕ್ಷೆಯಲ್ಲಿ ಚಿಕ್ಕ ಚಿಕ್ಕ ಗೆರೆಗಳಿಂದ ತೋರಿಸಿದ್ದು ಕಾಲುದಾರಿ; ಅಲ್ಲಿ ಸೈಕಲ್ಲು ತುಳಿಯುವ ಹಕ್ಕಿಲ್ಲ. ಉದ್ದ ಗೆರೆಗಳದ್ದು ಕುದುರೆದಾರಿ. ಅಲ್ಲಿ ೧೯೬೮ರ ಕಾಯಿದೆ ಸೈಕಲ್ಲಿಗೂ ಹಕ್ಕು ಕೊಟ್ಟಿದೆ. ಆದರೆ ಕೆಸರಿರುತ್ತದೆ. ಎತ್ತರ ತೋರಿಸುವ ಕಂದು ಗೆರೆಗಳು ಒತ್ತೊತ್ತಾಗಿದ್ದರೆ ಆ ಕಡೆ ತಲೆ ಹಾಕಬಾರದು. ರಸ್ತೆಯ ಮೇಲೆ ಬಾಣದ ತುದಿಯಂಥ ಗುರುತಿದ್ದರೆ ಅಲ್ಲಿ ಏಳು ಅಡಿಗೆ ಒಂದಡಿಗಿಂತಲೂ ಕಡಿದಾದ ಏರಿದೆಯೆಂದು ಅರ್ಥ. ಫೆನ್ ಹಾಳೆಯಲ್ಲಿ ನಾವು ಕನ್ನಡಕ ಹಾಕಿಕೊಂಡು ಹುಡುಕಿದರೂ ಅಂಥದೊಂದು ಕಣ್ಣಿಗೆ ಬೀಳಲಿಲ್ಲ.

ನಾವು ಗೊತ್ತುಮಾಡಿದ ದಾರಿ ಹೀಗಿದೆ. ಕೇಂಬ್ರಿಜಿನಿಂದ ಪೂರ್ವಕ್ಕೆ, ಬಾಟಿಶಮ್ ಎಂಬ ಹಳ್ಳಿ. ಅಲ್ಲಿಂದ ವಿಕೆನ್ ಫೆನ್‌ವರೆಗೆ ‘ಲೋಡ್ಸ್ ವೇ’ ಎಂಬ ಸೈಕಲ್ ಹಾದಿ, ಸುಮಾರು ೯ ಮೈಲಿ. ಲೋಡ್ ಎಂದರೆ ಆ ಕಡೆಯ ಹಳೆಯ ಕಾಲುವೆ. ಸರಕು ದೋಣಿಗಳು ಓಡಾಡುತ್ತಿದ್ದದ್ದು. ವಿಕೆನ್ನಿನಲ್ಲಿ, ಜೌಗು ಒಣಗದೆ ಉಳಿದ ಒಂದು ತುಂಡನ್ನು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ೧೮೯೯ರಿಂದ ಕಾಪಾಡುತ್ತ ಬಂದಿದೆ. ಜೊಂಡು, ತುಂಬೆಹುಳ, ಮರದ ಗಾಳಿಯಂತ್ರ ಎಲ್ಲ ಅಲ್ಲಿವೆ. ಅಲ್ಲಿಂದ ಬಾರ್ವೇ ಹಳ್ಳಿಯ ಮೇಲೆ ಹಾದು ಈಲಿ ಪಟ್ಟಣ. ಈ ಭಾಗಕ್ಕೆ ರಾಷ್ಟ್ರೀಯ ಸೈಕಲ್ ದಾರಿ ಸಂಖ್ಯೆ ೧೧; ನೀಲಿ ಫಲಕದ ಮೇಲೆ ಕೆಂಪು ಚೌಕದಲ್ಲಿ ಅಂಕೆ ಇರುತ್ತದೆ, ಓದಲು ಇಂಗ್ಲಿಷ್ ಬೇಕಿಲ್ಲ. ಈಲಿಯ ಇಗರ್ಜಿಯನ್ನು ಕಟ್ಟಲು ಆರಂಭಿಸಿದ್ದು ೧೦೮೩ರಲ್ಲಿ. ಬಯಲಿನ ನಡುವೆ ಅದು ಹಡಗಿನಂತೆ ಕಾಣುತ್ತದೆಂದು ಜನ ಅದನ್ನು ಫೆನ್‌ಗಳ ಹಡಗು ಎನ್ನುತ್ತಾರೆ. ಮೈಲಿಗಟ್ಟಲೆ ದೂರದಿಂದಲೇ ಕಣ್ಣಿಗೆ ಬೀಳುವುದರಿಂದ ದಾರಿ ತಪ್ಪುವ ಭಯ ಕಡಿಮೆ.

ಇಲ್ಲಿ ಗಾಳಿಯ ಲೆಕ್ಕವನ್ನು ಮರೆಯಬಾರದು. ಏರಿಲ್ಲದ ಊರಿನಲ್ಲಿ ಗಾಳಿಯೇ ಏರು. ಬೇಲಿಯಿಲ್ಲ, ಮರ ಅಪರೂಪ. ಇಂಗ್ಲೆಂಡಿನಲ್ಲಿ ಹೆಚ್ಚು ದಿನ ಬೀಸುವುದು ನೈಋತ್ಯದ ಗಾಳಿ. ಬಾಟಿಶಮಿನಿಂದ ಈಲಿಗೆ ಹೋಗುವವನು ಉತ್ತರಕ್ಕೆ ಮುಖಮಾಡಿರುವುದರಿಂದ ಗಾಳಿ ಬಹುಮಟ್ಟಿಗೆ ಬೆನ್ನಿಗಿರುತ್ತದೆ. ವಾಪಸು ಸೈಕಲ್ಲಿನ ಮೇಲೆ ಬರಬೇಕಾಗಿಲ್ಲ. ಈಲಿಯಿಂದ ಕೇಂಬ್ರಿಜಿಗೆ ರೈಲಿದೆ, ಜನ ಕಡಿಮೆಯಿರುವ ಹೊತ್ತಿನಲ್ಲಿ ಸೈಕಲ್ಲನ್ನೂ ಒಯ್ಯಬಹುದು. ಒಂದೇ ದಿನ ಈಲಿ ಮುಟ್ಟಲೇಬೇಕೆಂದು ಯಾರೂ ಶಪಥ ಮಾಡಿಸಿಲ್ಲ. ಮೊದಲ ವಾರ ಬಾಟಿಶಮಿನವರೆಗೆ ಹೋಗಿ ಚಹಾ ಕುಡಿದು ಬಂದರೂ ಸಾಕು.

ಏರಿಲ್ಲದ ದಾರಿ ಬೇರೆ ಕಡೆಗೂ ಇವೆ, ಅವು ಹುಟ್ಟಿದ ರೀತಿ ಬೇರೆ. ಉಗಿಬಂಡಿಗೆ ಏರು ಆಗದು. ಆದ್ದರಿಂದ ರೈಲಿನವರು ಗುಡ್ಡ ಕಡಿದು, ತಗ್ಗು ತುಂಬಿ ದಾರಿ ಸವರಿದ್ದರು. ೧೯೬೩ರ ಬೀಚಿಂಗ್ ವರದಿಯ ಮೇಲೆ ನೂರಾರು ಸಣ್ಣ ಮಾರ್ಗಗಳನ್ನು ಮುಚ್ಚಿದಾಗ ಹಳ್ಳಿಯವರು ಕಣ್ಣೀರು ಹಾಕಿದ್ದುಂಟು. ೧೯೭೭ರಲ್ಲಿ ಬ್ರಿಸ್ಟಲಿನ ಕೆಲವು ಉತ್ಸಾಹಿಗಳು ಸಂಘ ಕಟ್ಟಿ, ಹಳಿ ಕಿತ್ತ ಅಂಥ ಒಂದು ಮಾರ್ಗವನ್ನು ಸೈಕಲ್ಲಿಗೆ ಯೋಗ್ಯವಾಗಿ ಮಾಡಿದರು. ಬ್ರಿಸ್ಟಲಿನಿಂದ ಬಾತ್‌ವರೆಗಿನ ಆ ೧೩ ಮೈಲಿ ೧೯೮೬ರಲ್ಲಿ ಪೂರ್ಣವಾಯಿತು. ರಾಷ್ಟ್ರೀಯ ಸೈಕಲ್ ಜಾಲಕ್ಕೆ ಮೂಲ ಅದೇ. ಯಾರ್ಕಿನ ದಕ್ಷಿಣಕ್ಕೆ ಇನ್ನೊಂದಿದೆ. ಅಲ್ಲಿ ದಾರಿಯುದ್ದಕ್ಕೂ ಸೂರ್ಯನನ್ನೂ ಗ್ರಹಗಳನ್ನೂ ಅಳತೆಗೆ ತಕ್ಕ ದೂರದಲ್ಲಿ ನಿಲ್ಲಿಸಿದ್ದಾರಂತೆ. ಆರು ಮೈಲಿಗೆ ತುಸು ಮೇಲೆ ತುಳಿದರೆ ಪ್ಲೂಟೋ ಮುಟ್ಟಬಹುದು.

ನಮ್ಮಂಥವರಿಗೆ ಇಲ್ಲಿ ಒಂದು ಸಂಬಂಧವೂ ಇದೆ. ೧೮೯೪ರಲ್ಲಿ ಬರ್ಮಿಂಗ್‌ಹ್ಯಾಮಿನ ಕೆಲವು ಸಮಾಜವಾದಿಗಳು ಕ್ಲಾರಿಯನ್ ಪತ್ರಿಕೆಯ ಹೆಸರಿನಲ್ಲೇ ಸೈಕಲ್ ಕ್ಲಬ್ಬು ಕಟ್ಟಿದರು. ಕಾರಖಾನೆಯವರು ರಜೆಯ ದಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹೋಗಿ ಪತ್ರಿಕೆ ಹಂಚುತ್ತಿದ್ದರು. ಹೊಗೆಯೊಳಗಿನಿಂದ ಹೊರಬರಲು ಅವರಿಗಿದ್ದ ವಾಹನ ಅದೇ. ನಮ್ಮ ಹಿರಿಯರ ಹಳೆಯ ಹರ್ಕ್ಯುಲಿಸ್ ಕೂಡ ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಹೆಸರು; ನಮ್ಮ ದೇಶದಲ್ಲಿ ಅದನ್ನು ಮದರಾಸಿನಲ್ಲಿ ಮಾಡುತ್ತ ಬಂದರು.

ಅವರಿಗೆ ನಕ್ಷೆ ತೋರಿಸಿದಾಗ ಬೆರಳಿಟ್ಟು ಬಾಟಿಶಮಿನಿಂದ ಈಲಿಯವರೆಗೆ ನಿಧಾನವಾಗಿ ಎಳೆದರು. “ಎಡಕ್ಕೇ ಹೋಗೂದಲ್ಲ?” ಎಂದರು. ಹೌದು, ನಮ್ಮಂತೆಯೇ ಎಡಕ್ಕೆ, ಸಂಜೆಯಾದರೆ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಕಡ್ಡಾಯ ಎಂದೆವು. ಮಾರನೆಯ ದಿನ ಮಗನಿಗೆ ಫೋನು ಮಾಡಿ ಟಿಕೀಟು ತೆಗೆಯಲು ಹೇಳಿದರಂತೆ. ಜೊತೆಗೆ ಸೀಟು ಅಗಲವಾಗಿರುವ ಸೈಕಲ್ಲು ನೋಡಿಡು ಎಂದೂ ಹೇಳಿದರಂತೆ.

ನಕ್ಷೆ ಪತ್ರಿಕೆಗಳ ಮೇಜಿನ ಮೇಲಿದೆ. ನೋಡಬಯಸುವವರು ಅಲ್ಲಿಯೇ ಕೂತು ನೋಡಬೇಕಾಗಿ ವಿನಂತಿ. ಪೆನ್ಸಿಲಿನ ಗುರುತನ್ನು ಅಳಿಸಬೇಡಿ, ಅದು ಅವರದು.